ಆಸ್ಪತ್ರೆಯಲ್ಲಿ ವಿಕಿರಣಶೀಲ ತ್ಯಾಜ್ಯದ ನಿರ್ವಹಣೆ ಮತ್ತು ವಿಲೇವಾರಿ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮೂಳೆಯ ಸ್ಕ್ಯಾನಿಗೆ ಟೆಕ್ನೀಷಿಯಮ್-99ಎಂ ಚುಚ್ಚಿದ ಸಿರಿಂಜು, ಪೆಟ್ ಸ್ಕ್ಯಾನ್ ಮುಗಿದ ಮೇಲೆ ಕೈಯಿಂದ ತೆಗೆದ ಕ್ಯಾನುಲಾ, ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್-131 ಪಡೆದ ರೋಗಿಯ ಶೌಚಾಲಯದ ನೀರು, ಪ್ರಯೋಗಾಲಯದಲ್ಲಿ ಉಳಿದ ಅಯೋಡಿನ್-125ರ ಕಿಟ್, ವರ್ಷಗಟ್ಟಲೆ ದುಡಿದು ನಿಂತುಹೋದ ಕೋಬಾಲ್ಟ್ ಯಂತ್ರದ ವಿಕಿರಣ ಮೂಲ, ಇವೆಲ್ಲ ಒಂದೇ ಆಸ್ಪತ್ರೆಯ ಆವರಣದೊಳಗೆ ಹುಟ್ಟಬಹುದಾದ ವಿಕಿರಣಶೀಲ ತ್ಯಾಜ್ಯಗಳು. ಸೋಂಕಿನ ತ್ಯಾಜ್ಯವನ್ನು ಆಟೊಕ್ಲೇವಿನಲ್ಲಿಟ್ಟು ನಿರಪಾಯಗೊಳಿಸಬಹುದು, ರಾಸಾಯನಿಕ ತ್ಯಾಜ್ಯವನ್ನು ಇನ್ನೊಂದು ರಾಸಾಯನಿಕದಿಂದ ತಟಸ್ಥಗೊಳಿಸಬಹುದು. ವಿಕಿರಣಶೀಲ ಪರಮಾಣುವಿನ ಮೇಲೆ ಮಾತ್ರ ಶಾಖವಾಗಲಿ ರಾಸಾಯನಿಕವಾಗಲಿ ಯಾವ ಪರಿಣಾಮವನ್ನೂ ಬೀರುವುದಿಲ್ಲ. ಅದು ತನ್ನದೇ ವೇಗದಲ್ಲಿ ಕ್ಷಯಿಸುತ್ತದೆ, ಸುಟ್ಟರೂ ಹೊಗೆಯಲ್ಲೋ ಬೂದಿಯಲ್ಲೋ ಉಳಿದಿರುತ್ತದೆ.

ಆದ್ದರಿಂದ ಆಸ್ಪತ್ರೆಯ ಮುಂದಿರುವ ದಾರಿಗಳು ಮೂರೇ. ಕಡಿಮೆ ಅರ್ಧಾಯುಷ್ಯದ (ವಿಕಿರಣಶೀಲತೆ ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲ) ವಸ್ತುಗಳನ್ನು ಭದ್ರವಾಗಿ ತಡೆದಿಟ್ಟು ಕ್ಷಯಿಸಲು ಬಿಡುವುದು ಮೊದಲನೆಯದು. ತೀರಾ ಅಲ್ಪ ಪ್ರಮಾಣದ ದ್ರವವನ್ನು ಅನುಮತಿಯ ಮಿತಿಯೊಳಗೆ ದುರ್ಬಲಗೊಳಿಸಿ ಒಳಚರಂಡಿಗೆ ಬಿಡುವುದು ಎರಡನೆಯದು. ದೀರ್ಘ ಅರ್ಧಾಯುಷ್ಯದ ಮೂಲಗಳನ್ನು ತಯಾರಕರಿಗೆ ಅಥವಾ ದೇಶದ ಅಧಿಕೃತ ತ್ಯಾಜ್ಯ ಕೇಂದ್ರಕ್ಕೆ ಒಪ್ಪಿಸುವುದು ಮೂರನೆಯದು. ಆಸ್ಪತ್ರೆಯ ತ್ಯಾಜ್ಯದಲ್ಲಿ ಬಹುಪಾಲು ಮೊದಲನೆಯ ದಾರಿಯಲ್ಲೇ ಮುಗಿದುಹೋಗುತ್ತದೆ. ಅದು ಸರಿಯಾಗಿ ಮುಗಿಯಬೇಕಾದರೆ ಎರಡು ಕೆಲಸಗಳು ಅಚ್ಚುಕಟ್ಟಾಗಿ ನಡೆಯಬೇಕು: ಎಸೆಯುವ ಕ್ಷಣದಲ್ಲೇ ಅರ್ಧಾಯುಷ್ಯದ ಪ್ರಕಾರ ಬೇರ್ಪಡಿಸುವುದು, ಮತ್ತು ಹೊರಗೆ ಕಳುಹಿಸುವ ಮುನ್ನ ಮೀಟರಿನಿಂದ ಅಳೆಯುವುದು. ಉಳಿದ ಹಂತಗಳೆಲ್ಲ ಈ ಎರಡಕ್ಕೆ ಆಸರೆಯಾಗಿ ನಿಲ್ಲುವಂಥವು.

ಹಂತ 1: ಪಟ್ಟಿ ಮಾಡಿ, ಹೊಣೆ ಹಂಚಿ

ಆಸ್ಪತ್ರೆಯಲ್ಲಿ ಬಳಕೆಯಲ್ಲಿರುವ ಪ್ರತಿಯೊಂದು ಐಸೊಟೋಪಿನ, ಅಂದರೆ ವಿಕಿರಣಶೀಲ ಪರಮಾಣುವಿನ ಬಗೆಯ, ಹೆಸರು, ಅದು ಯಾವ ವಿಭಾಗಕ್ಕೆ ಬರುತ್ತದೆ, ತಿಂಗಳಿಗೆ ಎಷ್ಟು ಬರುತ್ತದೆ, ಯಾವ ರೂಪದಲ್ಲಿ ತ್ಯಾಜ್ಯವಾಗುತ್ತದೆ ಎಂಬುದನ್ನು ಮೊದಲು ಬರೆದಿಡಬೇಕು. ಪಕ್ಕದಲ್ಲಿ ಅರ್ಧಾಯುಷ್ಯ ಇರಲೇಬೇಕು, ಏಕೆಂದರೆ ಮುಂದಿನ ಪ್ರತಿಯೊಂದು ತೀರ್ಮಾನವೂ ಆ ಒಂದು ಅಂಕಿಯನ್ನು ಅವಲಂಬಿಸಿರುತ್ತದೆ. ಸಾಮಾನ್ಯವಾಗಿ ಎದುರಾಗುವವು ಇವು:

ಗ್ಯಾಲಿಯಂ-68: 68 ನಿಮಿಷ
ಫ್ಲೋರಿನ್-18: ಸುಮಾರು 110 ನಿಮಿಷ
ಟೆಕ್ನೀಷಿಯಮ್-99ಎಂ: 6 ಗಂಟೆ
ಇಟ್ರಿಯಮ್-90: 64 ಗಂಟೆ
ಮಾಲಿಬ್ಡಿನಮ್-99: 66 ಗಂಟೆ
ಲುಟೀಷಿಯಮ್-177: 6.65 ದಿನ
ಅಯೋಡಿನ್-131: 8.02 ದಿನ
ರೇಡಿಯಂ-223: 11.4 ದಿನ
ಅಯೋಡಿನ್-125: 59.4 ದಿನ
ಇರಿಡಿಯಮ್-192: ಸುಮಾರು 74 ದಿನ
ಜರ್ಮೇನಿಯಂ-68: 271 ದಿನ
ಕೋಬಾಲ್ಟ್-60: 5.27 ವರ್ಷ
ಸೀಸಿಯಂ-137: ಸುಮಾರು 30 ವರ್ಷ

ಇದಾದ ಮೇಲೆ ಹೊಣೆ. ಪರವಾನಗಿ ಇರುವ ಆಸ್ಪತ್ರೆಯಲ್ಲಿ ವಿಕಿರಣ ಸುರಕ್ಷತಾ ಅಧಿಕಾರಿ ಇದ್ದೇ ಇರುತ್ತಾರೆ. ಆದರೆ ಚೀಲ ಕಟ್ಟುವವರು, ಅದನ್ನು ಸಾಗಿಸುವವರು, ಕೋಣೆಯ ಕೀಲಿ ಇಟ್ಟುಕೊಳ್ಳುವವರು, ಅಳತೆ ಮಾಡಿ ಸಹಿ ಹಾಕುವವರು ಯಾರು ಎಂಬುದೂ ಹೆಸರಿನ ಸಮೇತ ನಿಗದಿಯಾಗಿರಬೇಕು. ಹೌಸ್‌ಕೀಪಿಂಗ್ ಸಿಬ್ಬಂದಿಯನ್ನು ಈ ಪಟ್ಟಿಯಿಂದ ಹೊರಗಿಡುವ ರೂಢಿ ಹಲವೆಡೆ ಇದೆ, ಮತ್ತು ಇದು ದೊಡ್ಡ ಲೋಪವೆಂದು ನಾನು ಭಾವಿಸುತ್ತೇನೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೋಣೆಗೆ ಬಂದು ಕಸದ ಬುಟ್ಟಿಗೆ ಕೈಹಾಕುವವರು ಅವರೇ. ಯಾವ ಬುಟ್ಟಿ ಮುಟ್ಟಬಾರದು, ಏಕೆ ಮುಟ್ಟಬಾರದು, ಅನುಮಾನ ಬಂದರೆ ಯಾರಿಗೆ ಹೇಳಬೇಕು ಎಂಬುದನ್ನು ಅವರಿಗೆ ಅವರ ಭಾಷೆಯಲ್ಲಿ, ಬುಟ್ಟಿಯನ್ನು ಮುಂದಿಟ್ಟುಕೊಂಡೇ ತಿಳಿಸಬೇಕು. ಪಾಳಿ ಬದಲಾದಾಗ ಹೊಸಬರಿಗೆ ಅದನ್ನೇ ಮತ್ತೆ ಹೇಳಬೇಕು.

ಮಿತಿಗಳ ವಿಷಯದಲ್ಲಿ ಒಂದು ಮಾತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸುರಕ್ಷತಾ ಮಾನದಂಡಗಳ ಪ್ರಕಾರ, ನಿಯಂತ್ರಣದಿಂದ ಬಿಡುಗಡೆಯಾದ ವಸ್ತುವಿನಿಂದ ಸಾರ್ವಜನಿಕರಲ್ಲಿ ಯಾರಿಗೂ ವರ್ಷಕ್ಕೆ ಸುಮಾರು 10 ಮೈಕ್ರೊಸೀವರ್ಟಿಗಿಂತ ಹೆಚ್ಚಿನ ಡೋಸ್ (ದೇಹಕ್ಕೆ ತಗಲುವ ವಿಕಿರಣದ ಪ್ರಮಾಣ) ಬರಬಾರದು. ಸಾರ್ವಜನಿಕರ ಒಟ್ಟು ವಾರ್ಷಿಕ ಮಿತಿ 1 ಮಿಲಿಸೀವರ್ಟ್. ಈ ತತ್ವದಿಂದ ಪ್ರತಿ ಐಸೊಟೋಪಿಗೂ ಗ್ರಾಮಿಗೆ ಇಷ್ಟು ಬೆಕೆರೆಲ್ (ಸೆಕೆಂಡಿಗೆ ಎಷ್ಟು ಪರಮಾಣುಗಳು ಕ್ಷಯಿಸುತ್ತವೆ ಎಂಬ ಅಳತೆ) ಎಂಬ ಬಿಡುಗಡೆ ಮಿತಿಗಳು ಹುಟ್ಟಿವೆ. ಕಾನೂನಿನ ಬಲ ಇರುವುದು ಮಾತ್ರ ಆಯಾ ದೇಶದ ನಿಯಂತ್ರಣ ಸಂಸ್ಥೆ ಗೊತ್ತುಪಡಿಸಿದ ಅಂಕಿಗೆ. ನಿಮ್ಮ ಪರವಾನಗಿಯಲ್ಲಿರುವ ಆ ಅಂಕಿಗಳನ್ನು ಪಟ್ಟಿಯ ಇನ್ನೊಂದು ಅಂಕಣದಲ್ಲಿ ಬರೆದು ತ್ಯಾಜ್ಯದ ಕೋಣೆಯ ಗೋಡೆಯ ಮೇಲೆ ಅಂಟಿಸಿ.

ಹಂತ 2: ತ್ಯಾಜ್ಯ ಹುಟ್ಟುವುದನ್ನೇ ತಗ್ಗಿಸಿ

ಅಗತ್ಯಕ್ಕಿಂತ ಹೆಚ್ಚು ಐಸೊಟೋಪ್ ತರಿಸಬೇಡಿ. ಒಂದೇ ಪರೀಕ್ಷೆಗೆ ಎರಡು ಐಸೊಟೋಪುಗಳ ಆಯ್ಕೆ ಇದ್ದು ಚಿತ್ರದ ಗುಣಮಟ್ಟ ಒಂದೇ ಆಗಿದ್ದರೆ ಅರ್ಧಾಯುಷ್ಯ ಕಡಿಮೆ ಇರುವುದನ್ನು ಆರಿಸಿ. ರಟ್ಟಿನ ಪೆಟ್ಟಿಗೆ, ಥರ್ಮೊಕೋಲ್, ಕಾಗದದ ಹೊದಿಕೆಗಳನ್ನು ಹಾಟ್ ಲ್ಯಾಬಿನ (ವಿಕಿರಣಶೀಲ ಔಷಧ ಸಿದ್ಧಪಡಿಸುವ ಕೋಣೆ) ಹೊರಗೇ ಬಿಚ್ಚಿ ಸಾಮಾನ್ಯ ಕಸಕ್ಕೆ ಕಳುಹಿಸಿದರೆ ಒಳಗಿನ ಬುಟ್ಟಿಯ ಗಾತ್ರ ಗಣನೀಯವಾಗಿ ಇಳಿಯುತ್ತದೆ. ಕಳುಹಿಸುವ ಮುನ್ನ ಒಮ್ಮೆ ಮೀಟರ್ ಹಿಡಿದು ನೋಡಿ, ಪೆಟ್ಟಿಗೆಯ ಮೇಲಿನ ವಿಕಿರಣ ಚಿಹ್ನೆಯನ್ನು ಕಿತ್ತುಹಾಕಿ.

ಹಂತ 3: ಎಸೆಯುವ ಕ್ಷಣದಲ್ಲೇ ಬೇರ್ಪಡಿಸಿ

ಇಡೀ ವ್ಯವಸ್ಥೆ ನಿಲ್ಲುವುದು ಅಥವಾ ಕುಸಿಯುವುದು ಇಲ್ಲಿ. ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. ಒಂದು ಬುಟ್ಟಿಯಲ್ಲಿ 100 ಮೆಗಾಬೆಕೆರೆಲ್ ಟೆಕ್ನೀಷಿಯಮ್-99ಎಂ ಇರುವ ಸಿರಿಂಜು, ಹತ್ತಿ, ಕೈಗವಸುಗಳಿವೆ ಎಂದುಕೊಳ್ಳಿ. 60 ಗಂಟೆ ಕಳೆಯುವಷ್ಟರಲ್ಲಿ ಹತ್ತು ಅರ್ಧಾಯುಷ್ಯಗಳು ಮುಗಿದು ಅದು ಸಾವಿರದಲ್ಲಿ ಒಂದು ಪಾಲಿಗೆ, ಅಂದರೆ ಸುಮಾರು 0.1 ಮೆಗಾಬೆಕೆರೆಲಿಗೆ ಇಳಿದಿರುತ್ತದೆ. ಅದೇ ಬುಟ್ಟಿಗೆ ಯಾರೋ ಅಯೋಡಿನ್-131 ತಗುಲಿದ ಒಂದು ಹತ್ತಿಯುಂಡೆಯನ್ನು ಎಸೆದಿದ್ದರು, ಅದರಲ್ಲಿ ಇದ್ದದ್ದು ಬರೀ 1 ಮೆಗಾಬೆಕೆರೆಲ್. ಆ 60 ಗಂಟೆಗಳಲ್ಲಿ ಅಯೋಡಿನ್ ಇಳಿಯುವುದು 0.8ಕ್ಕೆ ಮಾತ್ರ. ಆರಂಭದಲ್ಲಿ ನೂರರಲ್ಲಿ ಒಂದು ಪಾಲಾಗಿದ್ದ ವಸ್ತು ಈಗ ಉಳಿದ ಟೆಕ್ನೀಷಿಯಮ್ಮಿನ ಎಂಟು ಪಟ್ಟಾಗಿದೆ. ಮೂರು ದಿನದಲ್ಲಿ ಹೊರಹೋಗಬೇಕಿದ್ದ ಚೀಲ ಈಗ ವಾರಗಟ್ಟಲೆ ಕೋಣೆಯಲ್ಲಿ ಜಾಗ ಹಿಡಿದು ಕೂರುತ್ತದೆ. ಇನ್ನೂ ಕೆಟ್ಟದ್ದೆಂದರೆ, ಚೀಟಿಯ ಮೇಲೆ ಟೆಕ್ನೀಷಿಯಮ್ ಎಂದಷ್ಟೇ ಬರೆದಿದ್ದರಿಂದ ಯಾರಾದರೂ ಅಳೆಯದೇ ಹೊರಗೆ ಕಳುಹಿಸಿಬಿಡಬಹುದು.

ಆದ್ದರಿಂದ ಬುಟ್ಟಿಗಳನ್ನು ಅರ್ಧಾಯುಷ್ಯದ ಗುಂಪುಗಳಿಗೆ ತಕ್ಕಂತೆ ಇಡಿ. ಒಂದು ದಿನಕ್ಕಿಂತ ಕಡಿಮೆ ಅರ್ಧಾಯುಷ್ಯದವು ಒಂದು ಗುಂಪು. ಒಂದು ದಿನದಿಂದ ಹದಿನೈದು ದಿನಗಳವರೆಗಿನವು ಇನ್ನೊಂದು. ಹದಿನೈದರಿಂದ ನೂರು ದಿನಗಳವು ಮೂರನೆಯದು. ಅದಕ್ಕೂ ಮೀರಿದವು ಪ್ರತ್ಯೇಕ. ದಿನವೂ ಹೆಚ್ಚು ಬಳಕೆಯಾಗುವ ಟೆಕ್ನೀಷಿಯಮ್-99ಎಂ, ಅಯೋಡಿನ್-131, ಲುಟೀಷಿಯಮ್-177ಗಳಿಗೆ ತಮ್ಮದೇ ಬುಟ್ಟಿ ಇರುವುದು ಒಳ್ಳೆಯದು.

ಲುಟೀಷಿಯಮ್ ಬಳಸುವ ಆಸ್ಪತ್ರೆಗಳು ಇನ್ನೊಂದು ವಿಷಯವನ್ನು ಗಮನಿಸಬೇಕು. ಲುಟೀಷಿಯಮ್-176ನ್ನು ನೇರವಾಗಿ ರಿಯಾಕ್ಟರಿನಲ್ಲಿಟ್ಟು ತಯಾರಿಸಿದ ಔಷಧದಲ್ಲಿ ಲುಟೀಷಿಯಮ್-177ಎಂ ಎಂಬ ಕಲಬೆರಕೆ ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ, ಅದರ ಅರ್ಧಾಯುಷ್ಯ 160 ದಿನ. ಎರಡು ತಿಂಗಳಲ್ಲಿ ಮುಗಿಯಬೇಕೆಂದು ಲೆಕ್ಕ ಹಾಕಿದ ವಯಲ್ (ಔಷಧದ ಪುಟ್ಟ ಶೀಶೆ) ಒಂದು ವರ್ಷದ ನಂತರವೂ ಮೀಟರನ್ನು ಅಲುಗಿಸುವುದು ಇದೇ ಕಾರಣಕ್ಕೆ. ಇಟರ್ಬಿಯಮ್-176ರಿಂದ ತಯಾರಾದ ಔಷಧದಲ್ಲಿ ಈ ತೊಂದರೆ ಇಲ್ಲ. ಖರೀದಿಯ ಹೊತ್ತಿನಲ್ಲೇ ಯಾವ ವಿಧಾನದ ಔಷಧ ಎಂದು ಕೇಳಿ ಬರೆದಿಟ್ಟುಕೊಂಡರೆ ತ್ಯಾಜ್ಯದ ಕೋಣೆಯ ಜಾಗವನ್ನು ಮೊದಲೇ ಅಂದಾಜು ಮಾಡಬಹುದು. ಜರ್ಮೇನಿಯಂ-68 ಕ್ಷಯಿಸಿ ಗ್ಯಾಲಿಯಂ-68 ಕೊಡುವ ಜನರೇಟರ್ ಎಂಬ ಸಾಧನದಿಂದ ಬರುವ ಮೊದಲ ದ್ರವದಲ್ಲೂ ಜರ್ಮೇನಿಯಂ-68 ಸೋರಿ ಬಂದಿರಬಹುದಾದ್ದರಿಂದ ಅದನ್ನು 68 ನಿಮಿಷದ ಲೆಕ್ಕದಲ್ಲಿ ಚೆಲ್ಲಬಾರದು.

ಅರ್ಧಾಯುಷ್ಯದ ನಂತರ ರೂಪ ಮತ್ತು ಜೊತೆಗಿರುವ ಅಪಾಯವನ್ನು ನೋಡಬೇಕು. ಸೂಜಿ, ಒಡೆದ ಗಾಜುಗಳಿಗೆ ಚುಚ್ಚಿದರೂ ತೂತಾಗದ ಡಬ್ಬಿ ಬೇಕು, ಮತ್ತು ಅದು ಸೀಸದ ಕವಚದೊಳಗೆ ಕೂರುವಂತಿರಬೇಕು. ಸೂಜಿಗೆ ಮತ್ತೆ ಮುಚ್ಚಳ ಹಾಕುವ ಅಭ್ಯಾಸ ಬೇಡ. ಕೊಳೆಯುವಂಥ ಜೈವಿಕ ತ್ಯಾಜ್ಯವನ್ನು ಫ್ರೀಜರಿನಲ್ಲಿಡಬೇಕಾಗುತ್ತದೆ. ಟೊಲ್ವೀನ್, ಜೈಲೀನ್‌ಗಳಂಥ ದ್ರಾವಕ ಬೆರೆತ ಪ್ರಯೋಗಾಲಯದ ದ್ರವ ಬೆಂಕಿ ಹತ್ತುವಂಥದ್ದು, ಅದನ್ನು ನೀರಿನ ದ್ರವದೊಂದಿಗೆ ಬೆರೆಸುವಂತಿಲ್ಲ. ಸೀಸದ ಡಬ್ಬಿಗಳನ್ನು ಯಾವ ಚೀಲಕ್ಕೂ ಹಾಕಬೇಡಿ. ಸೀಸ ಮರುಬಳಕೆಯ ವಸ್ತು, ಅಲ್ಲದೆ ಒಳಗೆ ಉಳಿದ ವಯಲಿನ ವಿಕಿರಣವನ್ನು ಮೀಟರಿನಿಂದ ಮರೆಮಾಚುವುದೂ ಅದೇ.

ಹಂತ 4: ಬುಟ್ಟಿ, ಚೀಲ, ಚೀಟಿ

ಕಾಲಿನಿಂದ ಒತ್ತಿ ತೆರೆಯುವ, ಒಳಗೆ ಗಟ್ಟಿ ಪಾಲಿಥೀನ್ ಚೀಲವಿರುವ, ಹೊರಗೆ ವಿಕಿರಣ ಚಿಹ್ನೆಯಿರುವ ಬುಟ್ಟಿಯನ್ನು ಕೆಲಸದ ಮೇಜಿಗೆ ಹತ್ತಿರದಲ್ಲೇ ಇಡಿ. ಹತ್ತು ಹೆಜ್ಜೆ ದೂರವಿಟ್ಟರೆ ಜನ ಹತ್ತಿರದ ಬುಟ್ಟಿಗೇ ಎಸೆಯುತ್ತಾರೆ. ಗಾಮಾ ಸೂಸುವ ಐಸೊಟೋಪುಗಳಿಗೆ ಸೀಸದ ಕವಚ ಸರಿ. ಇಟ್ರಿಯಮ್-90, ಫಾಸ್ಫರಸ್-32ರಂಥ ಶಕ್ತಿಯುತ ಬೀಟಾ ಕಣಗಳಿಗೆ ಮಾತ್ರ ಮೊದಲು ಒಂದು ಸೆಂಟಿಮೀಟರಿನಷ್ಟು ದಪ್ಪದ ಅಕ್ರಿಲಿಕ್ ಪದರ ಬೇಕು, ಅಗತ್ಯವಿದ್ದರೆ ಅದರ ಹೊರಗೆ ಸೀಸ. ಬೀಟಾ ಕಣಗಳು ನೇರವಾಗಿ ಸೀಸಕ್ಕೆ ಬಡಿದರೆ ಎಕ್ಸ್-ಕಿರಣಗಳು ಹುಟ್ಟುತ್ತವೆ.

ಚೀಲ ಮುಕ್ಕಾಲು ತುಂಬಿದಾಗಲೇ ಕಟ್ಟಿ. ಕಟ್ಟಿದ ಕೂಡಲೇ, ಅದೇ ಜಾಗದಲ್ಲಿ, ನೀರಿಗೆ ಅಳಿಸದ ಶಾಯಿಯಿಂದ ಚೀಟಿ ಬರೆಯಬೇಕು: ಚೀಲದ ಸಂಖ್ಯೆ, ಐಸೊಟೋಪ್, ಕಟ್ಟಿದ ದಿನಾಂಕ ಮತ್ತು ಸಮಯ, ಅಂದಾಜು ವಿಕಿರಣಶೀಲತೆ, ಮೇಲ್ಮೈಯಲ್ಲಿ ಮತ್ತು ಒಂದು ಮೀಟರ್ ದೂರದಲ್ಲಿ ಡೋಸ್ ದರ, ಯಾವ ಕೋಣೆ, ಬೇರೆ ಅಪಾಯವೇನಾದರೂ ಇದೆಯೇ, ಕಟ್ಟಿದವರ ಸಹಿ, ಮತ್ತು ಅಳತೆಗೆ ತೆಗೆಯಬೇಕಾದ ದಿನಾಂಕ. ಅಂದಾಜು ಎಂದರೆ ಊಹೆಯಲ್ಲ. ತಂದದ್ದರಲ್ಲಿ ರೋಗಿಗೆ ಕೊಟ್ಟದ್ದನ್ನು ಕಳೆದು, ಕ್ಷಯಿಸಿದ್ದನ್ನು ಲೆಕ್ಕಹಾಕಿ ಬರುವ ಅಂಕಿ. ಒಂದಕ್ಕಿಂತ ಹೆಚ್ಚು ಐಸೊಟೋಪ್ ಸೇರಿಬಿಟ್ಟಿದ್ದರೆ ಅತಿ ದೀರ್ಘ ಅರ್ಧಾಯುಷ್ಯದ್ದೇ ಇಡೀ ಚೀಲದ ಅವಧಿಯನ್ನು ನಿರ್ಧರಿಸುತ್ತದೆ.

ಹಂತ 5: ಕ್ಷಯಿಸುವ ಕೋಣೆ

ಜನರ ಓಡಾಟ ಕಡಿಮೆ ಇರುವ, ಬೀಗ ಹಾಕಬಹುದಾದ, ಮಳೆನೀರು ನುಗ್ಗದ ಕೋಣೆಯನ್ನು ಆರಿಸಿ. ನೆಲ ಮತ್ತು ಗೋಡೆಯ ಕೆಳಭಾಗ ದ್ರವ ಹೀರದಂತಿದ್ದು ತೊಳೆಯಲು ಸುಲಭವಾಗಿರಬೇಕು. ಅಯೋಡಿನ್ ಆವಿಯಾಗಿ ಗಾಳಿ ಸೇರುವ ಗುಣದ್ದಾದ್ದರಿಂದ ಹೊರಗೆ ಗಾಳಿ ಎಳೆಯುವ ಫ್ಯಾನು ಬೇಕೇ ಬೇಕು, ಅದರ ಬಾಯಿ ಕಿಟಕಿಗಳ ಕಡೆಗೆ ತೆರೆಯಬಾರದು. ಹೊಗೆ ಪತ್ತೆಯ ಸಾಧನ, ಬೆಂಕಿ ಆರಿಸುವ ಸಲಕರಣೆ ಬಾಗಿಲ ಬಳಿ ಇರಲಿ. ಇಲಿ ಹೆಗ್ಗಣಗಳು ಚೀಲ ಹರಿದರೆ ಇಡೀ ಕೋಣೆ ಮಾಲಿನ್ಯಕ್ಕೆ ಒಳಗಾಗುತ್ತದೆ, ಹೀಗಾಗಿ ಬಾಗಿಲಿನ ಸಂದಿಗಳನ್ನೂ ಮುಚ್ಚಿಸಬೇಕು.

ಒಳಗೆ ಐಸೊಟೋಪಿಗೊಂದು ಕಪಾಟು, ಕಪಾಟಿನಲ್ಲಿ ದಿನಾಂಕದ ಕ್ರಮ. ಹೆಚ್ಚು ಡೋಸ್ ದರದ ಚೀಲಗಳು ಹಿಂದಿನ ಮೂಲೆಯಲ್ಲಿ, ಪಕ್ಕದ ಕೋಣೆಯಲ್ಲಿ ಯಾರೂ ದಿನವಿಡೀ ಕೂರದ ಗೋಡೆಯ ಕಡೆಗೆ ಇರಲಿ. ಗೋಡೆಯ ಆಚೆ, ಮೇಲಿನ ಮಹಡಿಯಲ್ಲಿ, ಕೆಳಗಿನ ಮಹಡಿಯಲ್ಲೂ ಅಳತೆ ಮಾಡಬೇಕು. ಕೆಳಮಹಡಿಯನ್ನು ಮರೆಯುವುದು ಸಾಮಾನ್ಯ.

ಹಂತ 6: ದ್ರವ ತ್ಯಾಜ್ಯ ಮತ್ತು ಡಿಲೇ ಟ್ಯಾಂಕ್

ಪರೀಕ್ಷೆಗಾಗಿ ಟೆಕ್ನೀಷಿಯಮ್ ಅಥವಾ ಫ್ಲೋರಿನ್ ಪಡೆದ ಹೊರರೋಗಿಗಳ ಮೂತ್ರವನ್ನು ಬಹುತೇಕ ದೇಶಗಳಲ್ಲಿ ನೇರವಾಗಿ ಒಳಚರಂಡಿಗೆ ಬಿಡಲು ಅನುಮತಿ ಇದೆ. ಹಾಟ್ ಲ್ಯಾಬಿನಲ್ಲಿ ಉಳಿದ ಅಲ್ಪ ದ್ರವವನ್ನು ಗೊತ್ತುಪಡಿಸಿದ ಒಂದೇ ಸಿಂಕಿನಲ್ಲಿ, ಬರೆದಿಟ್ಟ ಲೆಕ್ಕದೊಂದಿಗೆ, ಸಾಕಷ್ಟು ನೀರು ಹರಿಸಿ ಬಿಡಬಹುದು. ಅಯೋಡಿನ್-131 ಚಿಕಿತ್ಸೆಯ ವಾರ್ಡಿನದು ಬೇರೆಯದೇ ಪ್ರಮಾಣ. ಥೈರಾಯ್ಡ್ ಗ್ರಂಥಿಯನ್ನು ತೆಗೆಸಿಕೊಂಡ ರೋಗಿಗೆ 3.7 ಗಿಗಾಬೆಕೆರೆಲ್ ಅಥವಾ ಅದಕ್ಕೂ ಹೆಚ್ಚು ಕೊಟ್ಟಾಗ ಅದರಲ್ಲಿ ಬಹುಪಾಲು ಮೊದಲ ಎರಡು ದಿನಗಳಲ್ಲೇ ಮೂತ್ರದ ಮೂಲಕ ಹೊರಬರುತ್ತದೆ. ಇದನ್ನು ತಡೆದಿಡಲು ಡಿಲೇ ಟ್ಯಾಂಕ್‌ಗಳು ಬೇಕು, ಕನಿಷ್ಠ ಎರಡು: ಒಂದು ತುಂಬುತ್ತಿರುವಾಗ ಇನ್ನೊಂದು ಮುಚ್ಚಿ ಕ್ಷಯಿಸುತ್ತಿರಬೇಕು.

ಗಾತ್ರದ ಲೆಕ್ಕ ಹೀಗೆ ಮಾಡಿ. ವಾರಕ್ಕೆ ಇಬ್ಬರು ರೋಗಿಗಳು, ತಲಾ 3.7 ಗಿಗಾಬೆಕೆರೆಲ್, ಎಲ್ಲವೂ ಟ್ಯಾಂಕಿಗೇ ಬರುತ್ತದೆ ಎಂದು ಹಿಡಿಯೋಣ. ದಿನಕ್ಕೆ ಸರಾಸರಿ 1.06 ಗಿಗಾಬೆಕೆರೆಲ್ ಸೇರುತ್ತದೆ. ಸೇರುತ್ತಿರುವಾಗಲೇ ಕ್ಷಯಿಸುತ್ತಲೂ ಇರುವುದರಿಂದ ಎಷ್ಟು ದಿನ ತುಂಬಿಸಿದರೂ ಒಟ್ಟು ಸುಮಾರು 12.2 ಗಿಗಾಬೆಕೆರೆಲಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಯೋಡಿನ್-131ರ ಸರಾಸರಿ ಆಯುಷ್ಯವಾದ 11.57 ದಿನಗಳನ್ನು ದಿನದ ಒಳಹರಿವಿನಿಂದ ಗುಣಿಸಿದರೆ ಬರುವ ಅಂಕಿ ಇದು. ದಿನಕ್ಕೆ 100 ಲೀಟರ್ ನೀರು ಬಂದರೆ 6,000 ಲೀಟರಿನ ಟ್ಯಾಂಕ್ 60 ದಿನಗಳಲ್ಲಿ ತುಂಬುತ್ತದೆ. ಅದನ್ನು ಮುಚ್ಚಿದರೆ ಎರಡನೆಯದು ತುಂಬುವವರೆಗೆ ಮತ್ತೆ 60 ದಿನ ಸಿಗುತ್ತದೆ. ಆ ಅವಧಿಯಲ್ಲಿ ಏಳೂವರೆ ಅರ್ಧಾಯುಷ್ಯ ಕಳೆದು ಉಳಿಯುವುದು ಸುಮಾರು 68 ಮೆಗಾಬೆಕೆರೆಲ್, ಅಂದರೆ ಲೀಟರಿಗೆ 11 ಕಿಲೋಬೆಕೆರೆಲಿನಷ್ಟು. ಇದನ್ನು ನಿಮ್ಮ ಪರವಾನಗಿಯ ಮಿತಿಯೊಂದಿಗೆ ಹೋಲಿಸಿ.

ಈಗ ಅದೇ ವಾರ್ಡಿನಲ್ಲಿ ಫ್ಲಶ್ ಕೆಟ್ಟು ಸೋರುತ್ತಿದ್ದು ದಿನಕ್ಕೆ 200 ಲೀಟರ್ ಬರತೊಡಗಿತು ಎಂದುಕೊಳ್ಳಿ. ಟ್ಯಾಂಕ್ 30 ದಿನಗಳಲ್ಲೇ ತುಂಬುತ್ತದೆ, ಕ್ಷಯಕ್ಕೆ ಸಿಗುವುದೂ 30 ದಿನ ಮಾತ್ರ. ಕೊನೆಯಲ್ಲಿ ಉಳಿಯುವುದು ಸುಮಾರು 850 ಮೆಗಾಬೆಕೆರೆಲ್. ನೀರು ಎರಡು ಪಟ್ಟಾದರೆ ಹೊರಹೋಗುವ ವಿಕಿರಣಶೀಲತೆ ಹನ್ನೆರಡು ಪಟ್ಟಿಗೂ ಮೀರುತ್ತದೆ. ಪ್ಲಂಬರ್ ಬೇಗ ಬಂದು ಸೋರಿಕೆ ನಿಲ್ಲಿಸುವುದು ಈ ವಾರ್ಡಿನಲ್ಲಿ ವಿಕಿರಣ ಸುರಕ್ಷತೆಯ ಕೆಲಸವೇ ಆಗಿದೆ. ಕಡಿಮೆ ನೀರಿನ ಫ್ಲಶ್ ಅಥವಾ ವ್ಯಾಕ್ಯೂಮ್ ಶೌಚಾಲಯ ಹಾಕಿಸುವ ಖರ್ಚು ದೊಡ್ಡ ಟ್ಯಾಂಕ್ ಕಟ್ಟಿಸುವ ಖರ್ಚಿಗಿಂತ ಕಡಿಮೆಯಾಗುವ ಸಾಧ್ಯತೆಯನ್ನು ವಾಸ್ತುಶಿಲ್ಪಿಯೊಂದಿಗೆ ಮೊದಲೇ ಚರ್ಚಿಸಬೇಕು. ಕೈತೊಳೆಯುವ ಬೇಸಿನ್ ಮತ್ತು ಸ್ನಾನದ ನೀರನ್ನು ಟ್ಯಾಂಕಿಗೆ ಸೇರಿಸಬೇಕೇ ಬೇಡವೇ ಎಂಬುದನ್ನು ನಿಯಂತ್ರಣ ಸಂಸ್ಥೆಯಿಂದ ಲಿಖಿತವಾಗಿ ಕೇಳಿ ತಿಳಿಯಿರಿ.

ಟ್ಯಾಂಕಿನ ಸುತ್ತ ಇಡೀ ದ್ರವ ಸೋರಿದರೂ ಹಿಡಿದಿಡುವಷ್ಟು ಗಾತ್ರದ ಕಟ್ಟೆ ಇರಬೇಕು. ಮಟ್ಟ ತೋರಿಸುವ ಸಾಧನ, ತುಂಬುವ ಮುನ್ನ ಕೂಗುವ ಅಲಾರಂ, ತಪ್ಪಿ ತೆರೆಯದಂತೆ ಬೀಗವಿರುವ ಕವಾಟ, ಹೊರಗಿನಿಂದಲೇ ಮಾದರಿ ತೆಗೆಯುವ ನಲ್ಲಿ, ಇವುಗಳಲ್ಲಿ ಯಾವುದನ್ನೂ ಉಳಿತಾಯದ ಹೆಸರಿನಲ್ಲಿ ಕೈಬಿಡುವಂತಿಲ್ಲ. ವಾರ್ಡಿನ ಶೌಚಾಲಯಕ್ಕೆ ಬ್ಲೀಚ್ ಅಥವಾ ಆಮ್ಲದ ಕ್ಲೀನರ್ ಸುರಿಯುವುದನ್ನು ನಿಲ್ಲಿಸಿ; ಅವೆರಡೂ ದ್ರವದಲ್ಲಿರುವ ಅಯೊಡೈಡನ್ನು ಹಾರಿಹೋಗುವ ಅಯೋಡಿನ್ ಆಗಿ ಮಾರ್ಪಡಿಸಬಲ್ಲವು, ಆಗ ಟ್ಯಾಂಕಿನಲ್ಲಿ ಇರಬೇಕಾದದ್ದು ಗಾಳಿಗೆ ಸೇರುತ್ತದೆ. ಶೌಚಾಲಯದಲ್ಲಿ ಸ್ಯಾನಿಟರಿ ಪ್ಯಾಡ್, ಬಟ್ಟೆ, ಟಿಶ್ಯೂ ಹಾಕಬಾರದೆಂದು ರೋಗಿಗೆ ದಾಖಲಾಗುವಾಗಲೇ ತಿಳಿಸಿ, ಅವುಗಳಿಗೆ ಕೋಣೆಯಲ್ಲೇ ಬೇರೆ ಬುಟ್ಟಿ ಕೊಡಿ. ಟ್ಯಾಂಕಿಗೆ ಹೋಗುವ ಕೊಳವೆ ಕಟ್ಟಿಕೊಂಡರೆ ಅದನ್ನು ಬಿಡಿಸಲು ಕೈಹಾಕುವ ಕೆಲಸಗಾರರಿಗೆ ಬೀಳುವ ಡೋಸ್ ನೆನಪಿರಲಿ.

ಹಂತ 7: ಅಳೆದು ಬಿಡುಗಡೆ ಮಾಡಿ

ಹತ್ತು ಅರ್ಧಾಯುಷ್ಯ ಕಾದರೆ ಸಾಕೆಂಬ ಮಾತು ಎಲ್ಲೆಡೆ ಚಾಲ್ತಿಯಲ್ಲಿದೆ. ಹತ್ತು ಅರ್ಧಾಯುಷ್ಯ ಕಳೆದರೆ ವಿಕಿರಣಶೀಲತೆ 1,024ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂಬುದು ಸರಿ. ಎಷ್ಟರಿಂದ ಇಳಿಯಿತು ಎಂಬುದನ್ನು ಆ ಮಾತು ಹೇಳುವುದಿಲ್ಲ. 2 ಕಿಲೋ ತೂಕದ ಚೀಲದಲ್ಲಿ 200 ಮೆಗಾಬೆಕೆರೆಲ್ ಅಯೋಡಿನ್-131 ಇದ್ದರೆ ಅದು ಗ್ರಾಮಿಗೆ 1,00,000 ಬೆಕೆರೆಲ್. ನಿಮ್ಮ ಬಿಡುಗಡೆ ಮಿತಿ ಗ್ರಾಮಿಗೆ 10 ಬೆಕೆರೆಲ್ ಆಗಿದ್ದರೆ ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಯಬೇಕು, ಅದಕ್ಕೆ 13.3 ಅರ್ಧಾಯುಷ್ಯ, ಅಂದರೆ ಸುಮಾರು 107 ದಿನ ಬೇಕು. 80ನೆಯ ದಿನ ಆ ಚೀಲ ಇನ್ನೂ ಮಿತಿಯ ಹತ್ತು ಪಟ್ಟಿನಲ್ಲಿರುತ್ತದೆ. ಆದ್ದರಿಂದ ಹತ್ತು ಅರ್ಧಾಯುಷ್ಯವನ್ನು ಅಳತೆಗೆ ತೆಗೆಯುವ ದಿನಾಂಕವಾಗಿ ಮಾತ್ರ ಬಳಸಿ.

ಅಳತೆಯ ಕ್ರಮವನ್ನು ವಿವರವಾಗಿ ಹೇಳುವುದು ಅಗತ್ಯ. ಚೀಲವನ್ನು ಸೀಸದ ಪೆಟ್ಟಿಗೆಯಿಂದ ಹೊರತೆಗೆದು ತ್ಯಾಜ್ಯದ ಕೋಣೆಯಿಂದ ದೂರದ, ಹಿನ್ನೆಲೆ ವಿಕಿರಣ (ಸುತ್ತಲಿನಿಂದ ಸಹಜವಾಗಿ ಬರುವ ವಿಕಿರಣ) ಕಡಿಮೆ ಇರುವ ಜಾಗಕ್ಕೆ ಒಯ್ಯಿರಿ. ಉಳಿದ ಚೀಲಗಳ ನಡುವೆ ನಿಂತು ಅಳೆದರೆ ಆ ಅಂಕಿಗೆ ಅರ್ಥವಿರುವುದಿಲ್ಲ. ಮೀಟರಿನ ಬ್ಯಾಟರಿ, ಕ್ಯಾಲಿಬ್ರೇಷನ್ ದಿನಾಂಕ ನೋಡಿ, ಚಿಕ್ಕ ಪರೀಕ್ಷಾ ಮೂಲವೊಂದನ್ನು ಹಿಡಿದು ಮುಳ್ಳು ಏಳುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಹಿನ್ನೆಲೆಯನ್ನು ಮೊದಲು ಬರೆಯಿರಿ. ನಂತರ ಪ್ರೋಬನ್ನು ಚೀಲದ ಮೇಲ್ಮೈಯಿಂದ ಒಂದು ಸೆಂಟಿಮೀಟರಿನಷ್ಟು ಎತ್ತರದಲ್ಲಿ, ಮುಟ್ಟಿಸದೆ, ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್ ವೇಗದಲ್ಲಿ ಆರೂ ಕಡೆ ಸರಿಸಿ. ಶಬ್ದವನ್ನು ಆನ್ ಮಾಡಿಟ್ಟಿರಿ; ಮುಳ್ಳಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಟಿಕ್ ಶಬ್ದ ಒತ್ತಾದ ಕಡೆ ನಿಂತು ಎಣಿಸಿ. ಹಿನ್ನೆಲೆಯಲ್ಲಿ ನೂರು ಎಣಿಕೆ ಬಂದರೆ ಹತ್ತರಷ್ಟು ಏರಿಳಿತ ಸಹಜ. ಇಪ್ಪತ್ತು ಮೂವತ್ತು ಹೆಚ್ಚಾದರೆ ಅದನ್ನು ಬಿಡಬಾರದು, ಇನ್ನಷ್ಟು ಹೊತ್ತು ಎಣಿಸಿ ತೀರ್ಮಾನಿಸಬೇಕು. ಹಿನ್ನೆಲೆಗಿಂತ ಹೆಚ್ಚಿದ್ದರೆ ಚೀಲ ಹೊಸ ದಿನಾಂಕದೊಂದಿಗೆ ಕಪಾಟಿಗೆ ಹಿಂದಿರುಗಲಿ.

ಐಸೊಟೋಪಿಗೆ ತಕ್ಕ ಮೀಟರ್ ಇಲ್ಲದಿದ್ದರೆ ಅಳತೆಯೇ ಮೋಸ ಮಾಡುತ್ತದೆ. ಅಯೋಡಿನ್-125 ಹೊರಸೂಸುವ ಕಿರಣಗಳ ಶಕ್ತಿ 27ರಿಂದ 35 ಕಿಲೋಎಲೆಕ್ಟ್ರಾನ್ ವೋಲ್ಟ್ ಮಾತ್ರ. ದಪ್ಪ ಗೋಡೆಯ ಗೈಗರ್ ಮೀಟರ್ ಅದನ್ನು ಬಹುತೇಕ ನೋಡುವುದೇ ಇಲ್ಲ, ತೆಳು ಸೋಡಿಯಂ ಅಯೊಡೈಡ್ ಪ್ರೋಬ್ ಬೇಕು. ಟ್ರಿಷಿಯಮ್ಮಿನ ಬೀಟಾ ಕಣ ಚೀಲದಿಂದ ಹೊರಗೇ ಬರುವುದಿಲ್ಲವಾದ್ದರಿಂದ ಅದನ್ನು ದ್ರವ ಸಿಂಟಿಲೇಷನ್ ಯಂತ್ರದಲ್ಲಿ ಮಾದರಿಯಿಟ್ಟೇ ಎಣಿಸಬೇಕು.

ಮಿತಿಯೊಳಗೆ ಬಂದ ಚೀಲದ ಮೇಲಿನ ವಿಕಿರಣ ಚಿಹ್ನೆಯನ್ನೂ ಚೀಟಿಯನ್ನೂ ತೆಗೆಯಬೇಕು ಅಥವಾ ಸಂಪೂರ್ಣ ಅಳಿಸಬೇಕು. ಚಿಹ್ನೆ ಉಳಿದ ಚೀಲವೊಂದು ಕಸದ ರಾಶಿಯಲ್ಲಿ ಕಂಡರೆ ಊರಿಗೆ ಊರೇ ಗಾಬರಿಯಾಗುತ್ತದೆ. ಅದಕ್ಕೂ ಮಿಗಿಲಾಗಿ, ಆ ಚಿಹ್ನೆ ಕಂಡಾಗ ಹೆದರಬೇಕೆಂಬ ಅರಿವೇ ಕ್ರಮೇಣ ಸವೆಯುತ್ತದೆ. ವಿಕಿರಣ ಹೋದರೂ ಸೂಜಿ ಸೂಜಿಯಾಗಿಯೇ, ರಕ್ತದ ಹತ್ತಿ ಸೋಂಕಿನ ತ್ಯಾಜ್ಯವಾಗಿಯೇ ಉಳಿದಿರುತ್ತವೆ, ಆದ್ದರಿಂದ ಅವು ಮುಂದೆ ಆ ನಿಯಮಗಳ ಪ್ರಕಾರವೇ ಹೋಗಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿ ಆಟೊಕ್ಲೇವಿಗೋ ದಹನ ಯಂತ್ರಕ್ಕೋ ಅಯೋಡಿನ್ ಚೀಲವನ್ನು ಕ್ಷಯಿಸುವ ಮೊದಲೇ ಹಾಕಿದರೆ ಅದು ಆವಿಯಾಗಿ ಹರಡುತ್ತದೆ.

ಆಸ್ಪತ್ರೆಯ ಕಸ ಹೊರಹೋಗುವ ಗೇಟಿನಲ್ಲಿ ಒಂದು ವಿಕಿರಣ ಪತ್ತೆ ಯಂತ್ರ ನಿಲ್ಲಿಸುವುದು ಒಳ್ಳೆಯ ಹೂಡಿಕೆ. ಅದು ಹಿಡಿಯುವುದರಲ್ಲಿ ಹೆಚ್ಚಿನವು ಸಾಮಾನ್ಯ ವಾರ್ಡಿಗೆ ಮರಳಿದ ರೋಗಿಯ ಡೈಪರ್ ಅಥವಾ ಮೂತ್ರದ ಚೀಲಗಳಾಗಿರುತ್ತವೆ. ಸ್ಕ್ಯಾನ್ ಆದ ಒಳರೋಗಿಯ ಕೇಸ್ ಶೀಟಿನ ಮೇಲೆ ಒಂದು ಟಿಪ್ಪಣಿ ಅಂಟಿಸಿ ಕಳುಹಿಸಿದರೆ ಅವುಗಳಲ್ಲಿ ಬಹಳಷ್ಟು ತಪ್ಪುತ್ತವೆ.

ಹಂತ 8: ಕಾದರೂ ಮುಗಿಯದವು

ಮುಚ್ಚಿದ ಮೂಲಗಳಿಗೆ, ಅಂದರೆ ಲೋಹದ ಕೋಶದೊಳಗೆ ಭದ್ರವಾಗಿ ಮುಚ್ಚಿಟ್ಟ ವಿಕಿರಣಶೀಲ ವಸ್ತುಗಳಿಗೆ, ಕಾಯುವ ದಾರಿ ಇಲ್ಲ. ರೇಡಿಯೊಥೆರಪಿಯ ಕೋಬಾಲ್ಟ್-60, ರಕ್ತ ವಿಕಿರಣಗೊಳಿಸುವ ಯಂತ್ರದ ಸೀಸಿಯಂ-137, ಕ್ಯಾಲಿಬ್ರೇಷನ್ನಿನ ಚಿಕ್ಕ ಮೂಲಗಳು, ಇವನ್ನೆಲ್ಲ ಹಿಂದಿರುಗಿಸಬೇಕು. ಬ್ರೇಕಿಥೆರಪಿಯ (ಮೂಲವನ್ನು ದೇಹದೊಳಗೆ ಗೆಡ್ಡೆಯ ಬಳಿಯೇ ಇಟ್ಟು ಕೊಡುವ ಚಿಕಿತ್ಸೆ) ಇರಿಡಿಯಮ್-192 ಕೆಲವು ತಿಂಗಳಿಗೊಮ್ಮೆ ಬದಲಾಗುವಾಗ ಹಳೆಯದು ತಯಾರಕರಿಗೆ ಮರಳುವುದು ರೂಢಿಯಲ್ಲಿದೆ. ಅದೇ ರೂಢಿ ಎಲ್ಲ ಮೂಲಗಳಿಗೂ ಬರಬೇಕು. ಖರೀದಿ ಒಪ್ಪಂದದಲ್ಲೇ ಹಿಂಪಡೆಯುವ ಷರತ್ತು, ಸಾಗಣೆಯ ಖರ್ಚು ಯಾರದು ಎಂಬುದು ಇರಬೇಕು, ಆ ಹಣವನ್ನು ಮೊದಲೇ ಎತ್ತಿಡಬೇಕು.

ಇದರ ಮಹತ್ವವನ್ನು ಬ್ರೆಜಿಲ್ಲಿನ ಗೊಯಾನಿಯಾ ನಗರ 1987ರಲ್ಲಿ ಕಂಡಿತು. ಕ್ಯಾನ್ಸರ್ ಚಿಕಿತ್ಸಾಲಯವೊಂದು ಬೇರೆಡೆಗೆ ಸ್ಥಳಾಂತರವಾದಾಗ ಸೀಸಿಯಂ-137ರ ಯಂತ್ರವನ್ನು ಹಳೆಯ ಕಟ್ಟಡದಲ್ಲೇ ಬಿಟ್ಟಿತ್ತು. ಸೆಪ್ಟೆಂಬರಿನಲ್ಲಿ ಇಬ್ಬರು ಅದನ್ನು ಬಿಚ್ಚಿ ಒಯ್ದರು, ಗುಜರಿ ಅಂಗಡಿಗೆ ಮಾರಿದರು, ಒಳಗಿನ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುವುದನ್ನು ಕಂಡ ಜನ ಅದನ್ನು ಹಂಚಿಕೊಂಡರು. ಆರು ವರ್ಷದ ಬಾಲಕಿಯೂ ಸೇರಿ ನಾಲ್ವರು ಸತ್ತರು; ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಬೇಕಾಯಿತು, 249 ಮಂದಿಯ ಮೈಮೇಲೋ ಒಳಗೋ ಸೀಸಿಯಂ ಸಿಕ್ಕಿತು. ಆ ಮೂಲ ತ್ಯಾಜ್ಯವೆಂದು ಯಾರ ಲೆಕ್ಕದಲ್ಲೂ ಇರಲಿಲ್ಲ. ಬಳಕೆ ನಿಂತ ದಿನವೇ ಮೂಲವನ್ನು ತ್ಯಾಜ್ಯದ ಪಟ್ಟಿಗೆ ವರ್ಗಾಯಿಸಿ, ಹಿಂದಿರುಗಿಸುವ ದಿನಾಂಕವನ್ನು ಬರೆದು, ಅಲ್ಲಿಯವರೆಗೆ ಬೀಗದಲ್ಲಿಟ್ಟು ತಿಂಗಳಿಗೊಮ್ಮೆ ಕಣ್ಣಾರೆ ನೋಡಿ ಸಹಿ ಹಾಕುವ ಕ್ರಮವನ್ನು ಕಡ್ಡಾಯ ಮಾಡಿಕೊಳ್ಳಿ.

ಹಳೆಯ ಕೋಬಾಲ್ಟ್ ಯಂತ್ರಗಳ ಕವಚದಲ್ಲಿ, ಟೆಕ್ನೀಷಿಯಮ್ ಕೊಡುವ ಕೆಲವು ಮಾಲಿಬ್ಡಿನಮ್ ಜನರೇಟರುಗಳಲ್ಲಿ ಕೂಡ, ಸವಕಲು ಯುರೇನಿಯಂ (ವಿಕಿರಣ ತಡೆಯುವ, ತಾನೂ ವಿಕಿರಣಶೀಲವಾದ ಭಾರ ಲೋಹ) ಇರುತ್ತದೆ. ಮೂಲ ಹೋದ ಮೇಲೂ ಆ ಕವಚ ಗುಜರಿಗೆ ಹೋಗುವಂಥದ್ದಲ್ಲ. ಬಳಸಿ ಮುಗಿದ ಟೆಕ್ನೀಷಿಯಮ್ ಜನರೇಟರನ್ನು ತಯಾರಕರು ವಾಪಸು ಪಡೆಯುವುದಾದರೆ ಅದೇ ಒಳ್ಳೆಯದು. ಇಲ್ಲದಿದ್ದರೆ 66 ಗಂಟೆಯ ಮಾಲಿಬ್ಡಿನಮ್ ಕ್ಷಯಿಸುವವರೆಗೆ ತಿಂಗಳಿಗೂ ಹೆಚ್ಚು ಕಾಲ ಇಟ್ಟು, ನಂತರವೂ ಮಾಲಿಬ್ಡಿನಮ್ ತುಂಬಿದ್ದ ಒಳಗಿನ ಕಾಲಮ್ಮನ್ನು ಸೀಸದಿಂದ ಹೊರತೆಗೆದು ಅಳೆಯಬೇಕು. ವಿದ್ಯುತ್ತಿನಿಂದ ಚಿಕಿತ್ಸೆಯ ಕಿರಣ ಹುಟ್ಟಿಸುವ ಲೀನಿಯರ್ ಆಕ್ಸಿಲರೇಟರಿನಲ್ಲಿ ವಿಕಿರಣಶೀಲ ಮೂಲವೇ ಇಲ್ಲವೆಂದು ನಿಶ್ಚಿಂತೆಯಿಂದ ಕಳಚುವವರಿದ್ದಾರೆ. 10 ಮೆಗಾವೋಲ್ಟಿಗೆ ಮೀರಿದ ಯಂತ್ರಗಳಲ್ಲಿ ನ್ಯೂಟ್ರಾನುಗಳು ಹುಟ್ಟಿ ಟಾರ್ಗೆಟ್, ಕಾಲಿಮೇಟರ್‌ಗಳಂಥ ಲೋಹದ ಭಾಗಗಳು ತಾವೇ ವಿಕಿರಣಶೀಲವಾಗಿರುತ್ತವೆ, ಆದ್ದರಿಂದ ಕಳಚುವಾಗ ಪ್ರತಿಯೊಂದು ಭಾಗವನ್ನೂ ಮೀಟರಿನಿಂದ ನೋಡಬೇಕು.

ಹಂತ 9: ಚೆಲ್ಲಿದಾಗ, ಸಾಗಿಸುವಾಗ, ಬರೆಯುವಾಗ

ದ್ರವ ಚೆಲ್ಲಿದರೆ ಜನರನ್ನು ದೂರವಿರಿಸಿ, ಹೀರುವ ಕಾಗದ ಹಾಸಿ, ಅಂಚಿನಿಂದ ನಡುವಿಗೆ ಒರೆಸುತ್ತಾ ಬನ್ನಿ. ಅಯೋಡಿನ್ ಆದರೆ ಸೋಡಿಯಂ ಥಯೋಸಲ್ಫೇಟ್ ದ್ರಾವಣ ಬಳಸಿ, ಬ್ಲೀಚ್ ಬೇಡ. ಒರೆಸಿದ ಕಾಗದ, ಕೈಗವಸು, ಶೂ ಕವರ್‌ಗಳೆಲ್ಲ ಆ ಐಸೊಟೋಪಿನ ಚೀಲಕ್ಕೇ ಹೋಗಬೇಕು.

ಹೊರಗೆ ಕಳುಹಿಸುವ ಪ್ಯಾಕೇಜು ಸಾಗಣೆಯ ನಿಯಮಗಳಿಗೆ ಒಪ್ಪುವಂತಿರಬೇಕು. ಕಳುಹಿಸುವವರೇ ಅದರ ಹೊಣೆಗಾರರು, ಸ್ವೀಕರಿಸಿದ ರಸೀದಿ ಕೈಗೆ ಬರುವವರೆಗೂ ಕಡತ ಮುಗಿಯುವುದಿಲ್ಲ.

ದಾಖಲೆಯ ಪುಸ್ತಕದಲ್ಲಿ ಪ್ರತಿ ಚೀಲದ ಹುಟ್ಟು, ಅಳತೆ, ಹಿನ್ನೆಲೆಯ ಅಂಕಿ, ಬಳಸಿದ ಮೀಟರ್, ಬಿಡುಗಡೆ ದಿನಾಂಕ, ಸಹಿ, ಹಾಗೂ ಚರಂಡಿಗೆ ಬಿಟ್ಟ ಪ್ರತಿ ಟ್ಯಾಂಕಿನ ಒಟ್ಟು ಬೆಕೆರೆಲ್ ಇರಲಿ. ತಿಂಗಳ ಕೊನೆಯಲ್ಲಿ ಬಂದದ್ದು, ರೋಗಿಗಳಿಗೆ ಕೊಟ್ಟದ್ದು, ಕ್ಷಯಿಸಿದ್ದು, ತ್ಯಾಜ್ಯಕ್ಕೆ ಹೋದದ್ದು, ಈ ನಾಲ್ಕನ್ನೂ ತಾಳೆ ನೋಡಿ. ಲೆಕ್ಕ ಕೂಡದಿದ್ದರೆ ಕಾಣೆಯಾದ ವಯಲ್ ಸಿಗುವವರೆಗೆ ಹುಡುಕಿ. ವಿಭಾಗವನ್ನೇ ಮುಚ್ಚುವ ಅಥವಾ ಸ್ಥಳಾಂತರಿಸುವ ಸಂದರ್ಭ ಬಂದರೆ ಕೊನೆಯ ಚೀಲ ಮತ್ತು ಕೊನೆಯ ಮೂಲ ಹೊರಹೋದ ಮೇಲೆ ಸಿಂಕು, ಕೊಳವೆ, ಫ್ಯಾನಿನ ಫಿಲ್ಟರ್, ಟ್ಯಾಂಕಿನ ತಳದ ಕೆಸರನ್ನೂ ಅಳೆದು, ನಿಯಂತ್ರಣ ಸಂಸ್ಥೆಯಿಂದ ಲಿಖಿತ ಬಿಡುಗಡೆ ಪತ್ರ ಪಡೆದ ನಂತರವೇ ಕಟ್ಟಡದ ಕೀಲಿಯನ್ನು ಬೇರೆಯವರಿಗೆ ಕೊಡಬೇಕು.